ದಿಲ್ಲಿಯ ಮಾತು, ಅಂಗಳದ ಅರ್ಥ: ಕನ್ನಡ ಟಿವಿ ಉದ್ಘೋಷಣೆಯ ಚರಿತ್ರೆಗೆ ಕೆಲವು ಟಿಪ್ಪಣಿಗಳು

1

ಈ ವಿಶೇಷ ಸಂಚಿಕೆಗೆ ಲೇಖನ ಬೇಕೆಂದು ಕೇಳಿದಾಗ ಸಂಪಾದಕರು ನಾನು ಕಾವ್ಯದ ಬಗ್ಗೆಯೋ ಆತ್ಮಕಥನಗಳ ಬಗ್ಗೆಯೋ ಬರೆದುಕೊಡುತ್ತೇನೆಂದು ತಿಳಿದಿರಬೇಕು. ಟಿವಿಯ ಉದ್ಘೋಷಕರ ಬಗ್ಗೆ ಬರೆಯುತ್ತೇನೆ ಅಂದಾಗ, ‘ಅದರಲ್ಲಿ ದಲಿತ ವಿಮರ್ಶೆಗೆ ಏನ್ರೀ ಇದೆ?’ ಎಂದರು. ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಅರ್ಧ ನಿಮಿಷ ಬಂದು, ಮುಂದೆ ಏನಿದೆ ಎಂದು ಹೇಳಿ ಹೋಗುವವರು ಅವರು. ಅವರ ಮಾತನ್ನು ನಾವು ಸಾಹಿತ್ಯವೆಂದು ಓದಿದವರಲ್ಲ, ಚರಿತ್ರೆಯೆಂದು ನೋಡಿದವರೂ ಅಲ್ಲ. ಆದರೆ ದಿಲ್ಲಿಯಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಮಾತು ಕನ್ನಡದ ಮನೆಗಳಿಗೆ ಬಂದದ್ದು ಇಂಥವರ ನಾಲಗೆಯ ಮೇಲೆ. ಆ ನಾಲಗೆ ಯಾರದು, ಅದು ಯಾರನ್ನು ಎದುರಿಗಿಟ್ಟುಕೊಂಡು ಮಾತಾಡಿತು, ನಮ್ಮನ್ನು ಯಾವ ಹೆಸರಿನಿಂದ ಕರೆಯಿತು? ಇವು ದಲಿತ ವಿಮರ್ಶೆಯ ಪ್ರಶ್ನೆಗಳೇ ಎಂದು ನಾನು ತಿಳಿದಿದ್ದೇನೆ.

ನಮ್ಮದು ಕುಮಟಾ ತಾಲ್ಲೂಕಿನ ಗೋಕರ್ಣ ಸೀಮೆ. ಹೊರಗಿನವರಿಗೆ ಇವತ್ತು ಈ ಸೀಮೆ ಅಂದರೆ ಓಂ ಬೀಚು. ಗುಡ್ಡದ ಮೇಲೆ ನಿಂತು ನೋಡಿದರೆ ದಂಡೆ ಎರಡು ಕಡೆ ಬಾಗಿ ಓಂಕಾರದ ಆಕಾರದಲ್ಲಿ ಕಾಣುತ್ತದೆ, ಅದಕ್ಕೆ ಆ ಹೆಸರು. ಕೆಳಗೆ ಮರಳಿನಲ್ಲಿ ಬಲೆ ಎಳೆಯುವವನಿಗೆ ಆ ಅಕ್ಷರ ಕಾಣುವುದಿಲ್ಲ. ನಮ್ಮ ಕೇರಿಯವರು ಆಗೇರರು. ಗುಡ್ಡದ ಈಚೆ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ, ಅಘನಾಶಿನಿಯ ಉಪ್ಪುನೀರು ಏರುವ ಗಜನಿ ಗದ್ದೆಗಳಲ್ಲಿ ದುಡಿದವರು. ನನ್ನ ಅಜ್ಜಿ ಆಗರದಿಂದ ತಲೆಯ ಮೇಲೆ ಉಪ್ಪು ಹೊತ್ತವಳು.

ಅಜ್ಜಿಯ ಟಿವಿ ನೆನಪು ಒಂದೇ. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿ ಬರುತ್ತಿತ್ತಲ್ಲ, ಆಗಿನದು. ಊರಿನ ಒಂದು ದೊಡ್ಡ ಮನೆಯಲ್ಲಿ ಟಿವಿ ಇತ್ತು. ಎತ್ತರದ ಬಿದಿರಿಗೆ ಆಂಟೆನಾ ಕಟ್ಟಿದ್ದರು. ಮನೆಯವರು ಮತ್ತು ಅವರ ಸಮಾನರು ಒಳಗೆ. ಒಂದಿಷ್ಟು ಜನ ಜಗುಲಿಯಲ್ಲಿ. ನಮ್ಮವರು ಅಂಗಳದಲ್ಲಿ, ಕಿಟಕಿಯ ಸರಳುಗಳ ಆಚೆ. ಪರದೆ ತುಂಬ ಚುಕ್ಕಿ. ಮಾತು ಹಿಂದಿಯದು. ನಮ್ಮ ಕೇರಿಯ ಒಬ್ಬರು ಮುಂಬಯಿಯ ಹೋಟೆಲಿನಲ್ಲಿ ಕೆಲವು ವರ್ಷ ಪಾತ್ರೆ ತೊಳೆದು ಬಂದಿದ್ದರು, ಅಲ್ಲಿ ಹಿಂದಿ ಕಲಿತಿದ್ದರು. ಎಲ್ಲರೂ ಅವರನ್ನು ಬೊಂಬಾಯಿ ಮಾವ ಅನ್ನುತ್ತಿದ್ದರು. ಕಿಟಕಿಯ ಹತ್ತಿರ ನಿಂತು ಒಳಗೆ ನೋಡುತ್ತ, ಹೊರಗೆ ತಿರುಗಿ ನಮ್ಮ ಮಾತಿನಲ್ಲಿ ಕತೆ ಹೇಳುವುದು ಅವರ ಕೆಲಸ. ‘ಟೀವಿಯವ್ರು ಎಂತ ಹೇಳ್ತ್ರು ಅಂತ ನಮಗೆಂತ ಗೊತ್ತು ಮಗಾ? ಅಂವ ಹೇಳ್ದದ್ದೇ ನಮಗೆ ರಾಮಾಯಣ’ ಎಂದು ಅಜ್ಜಿ ಅನ್ನುತ್ತಿದ್ದಳು.

ನಾನು ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ. ಆದರೆ ಪ್ರಾದೇಶಿಕ ಉದ್ಘೋಷಕ ಎಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಬೆಂಗಳೂರಿನ ಸ್ಟುಡಿಯೋದಲ್ಲಿ ಸೀರೆಯುಟ್ಟು ಕುಳಿತ ಹೆಣ್ಣುಮಗಳಲ್ಲ, ಕಿಟಕಿಯ ಹತ್ತಿರ ನಿಂತ ಈ ಮಾವ. ಈ ಇಬ್ಬರ ನಡುವಿನ ದೂರವೇ ನನ್ನ ವಿಷಯ.

2

ಮೊದಲು ಈ ಕೆಲಸ ನಡೆಯುವ ಬಗೆಯನ್ನು ಹೇಳಬೇಕು. ಟಿವಿಯ ಉದ್ಘೋಷಣೆ ರೇಡಿಯೋದ ಮಗಳು. ಆಕಾಶವಾಣಿಯಲ್ಲಿ ಕಾರ್ಯಕ್ರಮಗಳ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಆಯಾ ದಿನ ಯಾವ ಹೊತ್ತಿಗೆ ಏನು, ಅದನ್ನು ಹೇಗೆ ಪರಿಚಯಿಸಬೇಕು ಎಂಬುದನ್ನು ಬರೆದ ಕಾಗದವನ್ನು ಕ್ಯೂಶೀಟು ಅನ್ನುತ್ತಾರೆ. ಉದ್ಘೋಷಕರು ಅದನ್ನು ನೋಡಿ ಹೇಳುತ್ತಾರೆ. ವಾರ್ತೆಯದು ಇನ್ನೂ ಬಿಗಿ. ದಶಕಗಳ ಕಾಲ ಕನ್ನಡದ ರಾಷ್ಟ್ರೀಯ ವಾರ್ತೆ ದಿಲ್ಲಿಯಿಂದಲೇ ಬರುತ್ತಿತ್ತು. ಅಲ್ಲಿ ವಾರ್ತೆಯ ಮೂಲ ಇಂಗ್ಲಿಷಿನಲ್ಲಿ ತಯಾರಾಗುತ್ತಿತ್ತು. ಪ್ರತಿ ಭಾಷೆಯ ವಿಭಾಗದವರು ಅದನ್ನು ತಮ್ಮ ಭಾಷೆಗೆ ತಿರುಗಿಸಿ ಓದಬೇಕಿತ್ತು. ಆ ಹುದ್ದೆಯ ಹೆಸರೇ ವಾರ್ತಾವಾಚಕ ಮತ್ತು ಅನುವಾದಕ. ನಾವು ಹಾಲಿನ ಚೆಂಬು ಹಿಡಿದುಕೊಂಡು ಕೇಳುತ್ತಿದ್ದ ವಾರ್ತೆ ಯಾರೋ ಒಬ್ಬರು ಗಡಿಯಾರ ನೋಡಿಕೊಂಡು ಆಗತಾನೆ ಮಾಡಿದ ಅನುವಾದವಾಗಿತ್ತು.

ಅನುವಾದ ಎಂದ ಮೇಲೆ ಆಯ್ಕೆ ಇದ್ದೇ ಇರುತ್ತದೆ. ಒಂದು ಉದಾಹರಣೆ ಎಲ್ಲರಿಗೂ ಗೊತ್ತು. ಪ್ರಸಾರ ನಿಂತುಹೋದಾಗ ದಿಲ್ಲಿಯ ಪರದೆಯ ಮೇಲೆ ‘ರುಕಾವಟ್ ಕೆ ಲಿಯೇ ಖೇದ್ ಹೈ’ ಎಂದು ಬರುತ್ತಿತ್ತು. ತಡೆಯ ಬಗ್ಗೆ ಖೇದ ಇದೆ. ಯಾರಿಗೆ ಖೇದ, ಯಾರ ಮುಂದೆ ಖೇದ ಎಂಬುದು ಆ ವಾಕ್ಯದಲ್ಲಿಲ್ಲ. ಕನ್ನಡದಲ್ಲಿ ಅದು ‘ಅಡಚಣೆಗಾಗಿ ಕ್ಷಮಿಸಿ’ ಎಂದಾಯಿತು. ಇಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಕ್ಷಮೆ ಕೇಳಲಾಗುತ್ತಿದೆ. ಐದು ಪದಗಳ ಹಿಂದಿಯ ಸರ್ಕಾರಿ ಖೇದವನ್ನು ಕನ್ನಡದವರು ಮನುಷ್ಯರ ನಡುವಿನ ಮಾತು ಮಾಡಿದರು. ಅಂಗಳದಲ್ಲಿ ನಿಂತ ನಮ್ಮವರನ್ನೂ ಸೇರಿಸಿ ಪ್ರಭುತ್ವ ಕ್ಷಮೆ ಕೇಳಿದ್ದು ಬಹುಶಃ ಟಿವಿ ಕೆಟ್ಟಾಗ ಮಾತ್ರ!

ಇನ್ನೊಂದು ಉದಾಹರಣೆ ಇಷ್ಟು ಸುಖದ್ದಲ್ಲ. ಕುಟುಂಬ ಯೋಜನೆಯ ‘ಹಮ್ ದೋ, ಹಮಾರೇ ದೋ’ ಕನ್ನಡದಲ್ಲಿ ‘ನಾವಿಬ್ಬರು, ನಮಗಿಬ್ಬರು’ ಎಂದು ನೇರವಾಗಿಯೇ ಬಂತು. ಅದರ ಜೊತೆಗೇ ಕನ್ನಡದಲ್ಲಿ ಓಡಾಡಿದ ಮಾತು ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಮೂಲಕ್ಕಿಂತ ಇದು ಎಷ್ಟೋ ಚೆಂದ, ಪ್ರಾಸವೂ ಇದೆ. ಆದರೆ ‘ಇಬ್ಬರು’ ಎಂಬ ಲಿಂಗವಿಲ್ಲದ, ಜಾತಿಯಿಲ್ಲದ ಸಂಖ್ಯೆ ಇಲ್ಲಿ ಒಂದು ಮನೆಯಾಗಿಬಿಟ್ಟಿದೆ. ಆ ಮನೆಯಲ್ಲಿ ದೇವರ ಕೋಣೆ ಇದೆ, ಮಗಳು ಆರತಿ ಎತ್ತುತ್ತಾಳೆ, ಮಗ ವಂಶಕ್ಕೆ ಹೆಸರು ತರುತ್ತಾನೆ. ನಮ್ಮ ಕೇರಿಯ ಮಗಳು ಎತ್ತಿದ್ದು ಉಪ್ಪಿನ ಬುಟ್ಟಿ. ಸ್ಥಳೀಯಗೊಳಿಸುವುದು ಅಂದರೆ ಒಂದು ಸ್ಥಳವನ್ನು ಆರಿಸಿಕೊಳ್ಳುವುದು. ಕನ್ನಡದ ಪ್ರಸಾರ ಆರಿಸಿಕೊಂಡ ಸ್ಥಳ ಯಾವ ಮನೆಯ ಯಾವ ಕೋಣೆ ಎಂದು ಕೇಳದೆ, ‘ದಿಲ್ಲಿಯ ಹೇರಿಕೆಯನ್ನು ಕನ್ನಡ ತಿದ್ದಿತು’ ಎಂದು ಸಂಭ್ರಮಿಸಿದರೆ ಅರ್ಧ ಸತ್ಯವಾಗುತ್ತದೆ.

ಸಂಬೋಧನೆಯನ್ನೇ ನೋಡಿ. ರೇಡಿಯೋದ ‘ಶ್ರೋತೃಗಳು’ ಬರಬರುತ್ತ ‘ಕೇಳುಗರು’ ಆದರು. ಇದು ಸಣ್ಣ ಬದಲಾವಣೆಯಲ್ಲ. ನಮ್ಮ ಅಜ್ಜಿಗೆ ಅರ್ಥವಾಗುವ ಮಾತು ಒಂದು ಸರ್ಕಾರಿ ಸಂಸ್ಥೆಯ ಬಾಯಿಗೆ ಬಂತು. ಟಿವಿಯಲ್ಲಿ ಮಾತ್ರ ‘ವೀಕ್ಷಕರು’ ಗಟ್ಟಿಯಾಗಿ ಕೂತರು. ‘ನೋಡುಗರು’ ಪುಸ್ತಕಗಳಲ್ಲಿ ಸಿಗುತ್ತಾರೆ, ಪರದೆಯ ಮೇಲೆ ಅಷ್ಟಾಗಿ ಸಿಗುವುದಿಲ್ಲ.

3

ಇನ್ನು ಚರಿತ್ರೆಗೆ ಬರೋಣ. ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದದ್ದು ಬೆಂಗಳೂರಿನಿಂದಲ್ಲ, ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಟಿವಿಯನ್ನು ಗೌಡರ ಮನೆಯಲ್ಲಿ ಇಡಲಿಲ್ಲ. ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಜಾಗದಲ್ಲಿಟ್ಟರು. ನನ್ನ ಅಜ್ಜಿ ನಿಂತ ಅಂಗಳವನ್ನು ನೆನೆದರೆ ಇದು ದೊಡ್ಡ ವಿಚಾರ. ಪ್ರಸಾರದಲ್ಲಿ ಆಯಾ ಭಾಷೆಗೆ ಪ್ರತ್ಯೇಕ ಹೊತ್ತು ಇತ್ತು, ಎಲ್ಲ ರಾಜ್ಯಗಳಿಗೂ ಸಮಾನವಾದ ಅರ್ಧ ಗಂಟೆಯ ಹಿಂದಿ ಕಾರ್ಯಕ್ರಮವೂ ಇತ್ತು. ಕನ್ನಡದ ಕಾರ್ಯಕ್ರಮಗಳ ನಿರ್ಮಾಣ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. ಹೀಗೆ ನಮ್ಮ ಟಿವಿಯ ಮೊದಲ ಸ್ಥಳೀಯ ಕನ್ನಡ ತಯಾರಾದದ್ದೇ ಕರ್ನಾಟಕದ ಹೊರಗೆ.

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ಮರುವರ್ಷವೇ ಗೋಕಾಕ್ ಚಳವಳಿ. ಅದೇ 1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ದೇಶಕ್ಕೆಲ್ಲ ಹರಡಿತು. ರಾತ್ರಿ ಎಂಟೂವರೆಯ ಹೊತ್ತಿಗೆ ಪ್ರಾದೇಶಿಕ ಭಾಷೆ ಎದ್ದು ಹೋಗಬೇಕು, ಹಿಂದಿ ಮತ್ತು ಇಂಗ್ಲಿಷ್ ಬಂದು ಕೂರಬೇಕು. ‘ಈಗ ದಿಲ್ಲಿ ಕೇಂದ್ರದಿಂದ’ ಎಂದು ಹೇಳಿ ಜಾಗ ಬಿಡುವುದೇ ಕನ್ನಡ ಉದ್ಘೋಷಕಿಯ ದಿನದ ಮುಖ್ಯ ಕೆಲಸವಾಯಿತು. ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಏರಿತು. 1984ರಲ್ಲಿ ದೇಶದ ತುಂಬ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದವು, ಕೆಲವು ತಿಂಗಳು ದಿನಕ್ಕೊಂದರಂತೆ. ಆರಂಭದಲ್ಲಿ ಇವುಗಳಲ್ಲಿ ಬಹುಪಾಲು ದಿಲ್ಲಿಯನ್ನೇ ಎತ್ತಿ ಹರಡುತ್ತಿದ್ದವು. ಬೆಂಗಳೂರಿನಿಂದ ದೂರವಿದ್ದ ಜಿಲ್ಲೆಗಳಿಗೆ ಟಿವಿ ಅಂದರೆ ಮೊದಲು ಹಿಂದಿ, ಆಮೇಲೆ ಕನ್ನಡ. ಬೊಂಬಾಯಿ ಮಾವನ ಅಗತ್ಯ ಹುಟ್ಟಿದ್ದು ಇಲ್ಲಿ. ಕನ್ನಡದ ಅಧಿಕೃತ ಉದ್ಘೋಷಕಿ ನಮ್ಮ ಅಂಗಳದವರೆಗೆ ಬಂದೇ ಇರಲಿಲ್ಲ.

ಇದನ್ನು ಸರ್ಕಾರದ ಸಮಿತಿಯೇ ಗುರುತಿಸಿತ್ತು. ಪಿ.ಸಿ. ಜೋಶಿ ಅಧ್ಯಕ್ಷತೆಯ ಕಾರ್ಯತಂಡ ಎಂಬತ್ತರ ದಶಕದ ನಡುವೆ ಕೊಟ್ಟ ವರದಿ, ದೂರದರ್ಶನ ದಿಲ್ಲಿಯ ಸುತ್ತಲೇ ಸುತ್ತುತ್ತಿದೆ ಎಂದು ಟೀಕಿಸಿತು. ಬೇರೆ ದಾರಿ ಇರಲಿಲ್ಲವೇ? ಇತ್ತು. ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪೀಜ್ ಎಂಬ ಊರಿನ ಪ್ರಸಾರ ಕೇಂದ್ರದಿಂದ, ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದವರು 1975ರಿಂದ ಆ ಜಿಲ್ಲೆಯ ಜನರಿಗಾಗಿಯೇ ಕಾರ್ಯಕ್ರಮ ಮಾಡಿದರು. ಜಿಲ್ಲೆಯ ಮಾತು, ಜಿಲ್ಲೆಯ ಜನ, ಕೂಲಿ ಮತ್ತು ಜಾತಿಯ ಶೋಷಣೆಯ ಕತೆಗಳು. 1984ರಲ್ಲಿ ಅದಕ್ಕೆ ಯುನೆಸ್ಕೋದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ಆದರೆ ದೇಶ ಹಿಡಿದದ್ದು ಖೇಡಾದ ದಾರಿಯನ್ನಲ್ಲ, ರಾತ್ರಿ ಎಂಟೂವರೆಯ ದಾರಿಯನ್ನು.

ಸ್ಥಳೀಯ ವೀಕ್ಷಕ ಅಂದರೆ ಯಾರು ಎಂಬ ಪ್ರಶ್ನೆ ಕನ್ನಡದೊಳಗೂ ಸುಲಭದ್ದಲ್ಲ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾದಾಗ ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ದಿಲ್ಲಿಯ ಹಿಂದಿ ಗಂಟೆಗಟ್ಟಲೆ ಬಂದಾಗ ಇಲ್ಲದ ಸಿಟ್ಟು, ಪಕ್ಕದ ಮನೆಯವರ ಮಾತು ಹತ್ತು ನಿಮಿಷ ಬಂದಾಗ ಬಂತು. ಭಟ್ಕಳ, ಹೊನ್ನಾವರಗಳ ಪಕ್ಕದಲ್ಲಿ ಬೆಳೆದ ನಮಗೆ ಇದು ದೂರದ ಸುದ್ದಿಯಲ್ಲ. ಪ್ರಾದೇಶಿಕತೆಯನ್ನು ವಹಿಸಿಕೊಂಡು ಮಾತಾಡುವ ಪ್ರತಿಯೊಬ್ಬನೂ ಇಲ್ಲೊಮ್ಮೆ ನಿಂತು ಯೋಚಿಸಬೇಕು.

4

ಈಗ ಹೆಸರಿನ ವಿಚಾರ. ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಎಂ.ಎ. ಮುಗಿಸಿದ ವರ್ಷ ತಾತ್ಕಾಲಿಕ ಉದ್ಘೋಷಕನ ಕೆಲಸಕ್ಕೆಂದು ಒಂದು ಪ್ರಸಾರ ಕೇಂದ್ರಕ್ಕೆ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಊರು, ಕೇಂದ್ರ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಮೊದಲು ಕನ್ನಡದ ಒಂದು ಪುಟ ಓದಿಸಿದರು. ನನ್ನ ಮಹಾಪ್ರಾಣಗಳು ಎಲ್ಲೋ ಜಾರಿದವು. ಆಗರದಲ್ಲಿ ಬೆಳೆದ ನಾಲಗೆಗೆ ‘ಭ’ ಮತ್ತು ‘ಬ’ ಅಕ್ಕಪಕ್ಕದ ಮನೆಯವರು. ಆಮೇಲೆ ಒಂದು ಹಿಂದಿ ಪರಿಚಯ ವಾಕ್ಯ ಕೊಟ್ಟು ಕನ್ನಡದಲ್ಲಿ ಹೇಳಿ ಎಂದರು. ಅದರಲ್ಲಿ ‘ಸಮಾಜ್ ಕೆ ಕಮ್‌ಜೋರ್ ವರ್ಗ್’ ಎಂದಿತ್ತು. ‘ದುರ್ಬಲ ವರ್ಗ’ ಎನ್ನಬೇಕೆಂದು ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದು ‘ದುರ್ಬಲಗೊಳಿಸಲಾದ ಜನ’. ಎದುರಿಗಿದ್ದ ಹಿರಿಯರು ಕನ್ನಡಕ ತೆಗೆದು, ‘ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದಪ್ಪಾ’ ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ನಾನು ಆಯ್ಕೆಯಾಗಲಿಲ್ಲ. ಉಚ್ಚಾರದಿಂದಲೇ ಇರಬಹುದು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ಬಸ್ಸಿನಲ್ಲಿ ಊರಿಗೆ ಬರುವಾಗ ಯೋಚಿಸಿದೆ: ನಾನು ಸೇರಿಸಿದ್ದು ಏನು? ಒಬ್ಬ ಕರ್ತೃವನ್ನು. ದುರ್ಬಲರು ಇದ್ದಾರೆ ಎಂದರೆ ಅದು ಹವಾಮಾನದ ಹಾಗೆ. ದುರ್ಬಲಗೊಳಿಸಲಾಗಿದೆ ಎಂದರೆ ಯಾರೋ ಗೊಳಿಸಿದ್ದಾರೆ.

ನಮ್ಮ ಹೆಸರುಗಳ ಚರಿತ್ರೆಯೂ ಈ ವ್ಯಾಕರಣದ ಚರಿತ್ರೆಯೇ. ‘ಹರಿಜನ’ ಎಂಬ ಹೆಸರಿನಲ್ಲಿ ದೇವರು ಇದ್ದಾನೆ, ತುಳಿದವರಿಲ್ಲ. 1982ರಲ್ಲಿ ಕೇಂದ್ರ ಗೃಹ ಇಲಾಖೆ ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬಳಸಬೇಡಿ ಎಂದು ರಾಜ್ಯಗಳಿಗೆ ಬರೆಯಿತು. ‘ಪರಿಶಿಷ್ಟ’ ಎಂದರೆ ಪಟ್ಟಿಯಲ್ಲಿರುವವರು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಅಂಬೇಡ್ಕರರು 1942ರಲ್ಲಿ ಕಟ್ಟಿದ ಪಕ್ಷದ ಹೆಸರೇ ಪರಿಶಿಷ್ಟ ಜಾತಿಗಳ ಒಕ್ಕೂಟ. ಹಕ್ಕು ಇರುವುದು ಆ ಪಟ್ಟಿಯಲ್ಲಿ. ಆದರೆ ಪಟ್ಟಿ ಮಾಡಿದವರು ಯಾರು, ಮಾಡಬೇಕಾದದ್ದು ಯಾಕೆ ಎಂಬುದು ಆ ಪದದೊಳಗೆ ಕಾಣುವುದಿಲ್ಲ. ‘ದಲಿತ’ ಎಂದಾಗ ಮಾತ್ರ ತುಳಿತ ಕಾಣುತ್ತದೆ, ತುಳಿದ ಕಾಲು ನೆನಪಾಗುತ್ತದೆ. ಎಪ್ಪತ್ತರ ದಶಕದಲ್ಲಿ, ಬೂಸಾ ಪ್ರಕರಣದ ನಂತರ ಬೀದಿಗಿಳಿದ ದಲಿತ ಸಂಘರ್ಷ ಸಮಿತಿ ಈ ಪದವನ್ನು ಕನ್ನಡದ ಹಳ್ಳಿಹಳ್ಳಿಗೆ ಒಯ್ದದ್ದು ಗೋಡೆಬರಹ, ಹಾಡು ಮತ್ತು ಕರಪತ್ರಗಳ ಮೂಲಕ. ಯಾವ ಕ್ಯೂಶೀಟಿನಿಂದಲೂ ಅದು ಬಂದದ್ದಲ್ಲ.

2018ರ ಆಗಸ್ಟಿನಲ್ಲಿ ವಾರ್ತಾ ಮತ್ತು ಪ್ರಸಾರ ಇಲಾಖೆ ಖಾಸಗಿ ಟಿವಿ ವಾಹಿನಿಗಳಿಗೆ ಒಂದು ಸಲಹೆ ಕಳಿಸಿತು. ಬಾಂಬೆ ಹೈಕೋರ್ಟಿನ ನಿರ್ದೇಶನವನ್ನು ಉಲ್ಲೇಖಿಸಿ, ‘ದಲಿತ’ ಎನ್ನುವ ಬದಲು ‘ಪರಿಶಿಷ್ಟ ಜಾತಿ’ ಎನ್ನಿ, ಆಯಾ ಭಾಷೆಯಲ್ಲಿ ಅದರ ಸರಿಯಾದ ಅನುವಾದ ಬಳಸಿ ಎಂಬುದು ಅದರ ಸಾರ. ರಾಷ್ಟ್ರೀಯ ಸ್ಕ್ರಿಪ್ಟು ಎಂದರೆ ಇದೇ. ಕತೆಯನ್ನಾಗಲೀ ಕಾರ್ಯಕ್ರಮವನ್ನಾಗಲೀ ಕಳಿಸಲಿಲ್ಲ. ಒಂದು ಪದವನ್ನು ತೆಗೆಯಲು ಹೇಳಿದರು. ಕನ್ನಡದ ವಾಹಿನಿಗಳಲ್ಲಿ ಆ ಪದ ಉಳಿದೇ ಇದೆ. ಉಳಿದದ್ದು ಸಂಪಾದಕರ ಧೈರ್ಯದಿಂದ ಎನ್ನುವುದಕ್ಕಿಂತ, ಅದನ್ನು ಬಿಟ್ಟರೆ ಇಲ್ಲಿನ ಜನಕ್ಕೆ ಮಾತು ಮುಟ್ಟುವುದಿಲ್ಲ ಎಂಬ ಕಾರಣದಿಂದ ಎಂದು ನನಗನ್ನಿಸುತ್ತದೆ. ಸ್ಥಳೀಯ ವೀಕ್ಷಕ ಇಲ್ಲಿ ಮೊದಲ ಸಲ ಸ್ಕ್ರಿಪ್ಟನ್ನು ತಡೆದ.

ವಾರ್ತೆಯ ವ್ಯಾಕರಣದ ಬಗ್ಗೆಯೂ ಒಂದು ಮಾತು. ಧರ್ಮ ಅಥವಾ ಸಮುದಾಯಗಳ ಮೇಲೆ ದಾಳಿ ಮಾಡುವ ಮಾತು ಇರಬಾರದೆಂದು ಆಕಾಶವಾಣಿಯ ಸಂಹಿತೆ ಹೇಳುತ್ತದೆ. ನಿಯಮ ಒಳ್ಳೆಯದೇ. ಆದರೆ ದಲಿತರ ಮೇಲಿನ ಹಲ್ಲೆಯ ಸುದ್ದಿಯಲ್ಲಿ ಇದು ವಿಚಿತ್ರವಾಗಿ ಕೆಲಸ ಮಾಡುತ್ತದೆ. ಸತ್ತವರ ಜಾತಿ ಹೇಳಲೇಬೇಕು, ಇಲ್ಲದಿದ್ದರೆ ಸುದ್ದಿಯೇ ಇಲ್ಲ. ಕೊಂದವರದು ಹೇಳಬಾರದು. ಇಂಗ್ಲಿಷಿನ ಕರ್ಮಣಿ ವಾಕ್ಯ ಕನ್ನಡಕ್ಕೆ ಬಂದು ‘ಹತರಾದರು’ ಆಗುತ್ತದೆ. ಹತರಾದರು, ಗಾಯಗೊಂಡರು, ಘರ್ಷಣೆ ಸಂಭವಿಸಿತು. ನಮ್ಮ ಆಡುಮಾತಿನಲ್ಲಿ ಹೀಗೆ ಯಾರೂ ಹೇಳುವುದಿಲ್ಲ. ‘ಕೊಂದ್ರು’ ಅನ್ನುತ್ತೇವೆ, ‘ಸುಟ್ರು’ ಅನ್ನುತ್ತೇವೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕರ್ತೃವಿಲ್ಲದ ವಾಕ್ಯ ವಾರ್ತೆಯಿಂದ ಕೋರ್ಟಿನವರೆಗೂ ನಡೆದುಹೋಯಿತು.

5

ಮತ್ತೆ ಅಂಗಳಕ್ಕೆ ಬರುತ್ತೇನೆ. ಬೊಂಬಾಯಿ ಮಾವ ಮಾಡುತ್ತಿದ್ದದ್ದು ಅನುವಾದವೇ? ನಮ್ಮ ಕಡೆಯವರಿಗೆ ಇದಕ್ಕೆ ಬೇರೆ ಹೆಸರು ಗೊತ್ತು: ಅರ್ಥ ಹೇಳುವುದು. ಕುಮಟಾ, ಹೊನ್ನಾವರಗಳು ಯಕ್ಷಗಾನದ ನೆಲ. ಅಲ್ಲಿ ಭಾಗವತ ಹಾಡುವ ಪದ್ಯ ಯಾವತ್ತೋ ಬರೆದಿಟ್ಟದ್ದು, ಬದಲಾಗುವುದಿಲ್ಲ. ಅರ್ಥಧಾರಿಯ ಮಾತು ಅಲ್ಲೇ ಹುಟ್ಟುವುದು. ಅದೇ ಪದ್ಯಕ್ಕೆ ಒಬ್ಬ ಕೃಷ್ಣನ ಪರ ಅರ್ಥ ಹೇಳಿದರೆ ಇನ್ನೊಬ್ಬ ಕೌರವನ ಪರ ಹೇಳಿ ಗೆಲ್ಲಬಹುದು. ರಂಗಸ್ಥಳ ಏರಿದವರು ಹೆಚ್ಚಾಗಿ ಯಾರು, ನೆಲದಲ್ಲಿ ಕೂತು ಬೆಳಗು ಹಾಯಿಸಿದವರು ಯಾರು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ನೆಲದಲ್ಲಿ ಕೂತವರೂ ಆ ವಿದ್ಯೆ ಕಲಿತರು. ಶಬರಿಯ ಕತೆ ಬಂದ ದಿನ ಮಾವ, ‘ಮುದುಕಿ ನಮ್ ಬದಿಯವ್ಳೇ, ಹಣ್ಣು ಕಚ್ಚಿ ಕೊಡ್ತು, ರಾಮ ಹೇಸ್ಲಿಲ್ಲ, ಈ ಮನೆಯವ್ರಾಗಿದ್ರೆ ಹೇಸ್ತಿದ್ರು’ ಎಂದರಂತೆ. ಅಂಗಳದಲ್ಲಿ ನಗು ಎದ್ದು, ಒಳಗಿನಿಂದ ‘ಎಂತದ್ರೋ ಅದು ಗಲಾಟೆ’ ಎಂಬ ಗದರಿಕೆ ಬಂತಂತೆ. ದಿಲ್ಲಿಯ ಸ್ಕ್ರಿಪ್ಟು ಅಂಗಳಕ್ಕೆ ಬರುವ ಹೊತ್ತಿಗೆ ಒಂದು ಟೀಕೆಯಾಗಿ ಹೋಗಿತ್ತು. ಇದನ್ನು ಯಾವ ಪ್ರೇಕ್ಷಕ ಸಮೀಕ್ಷೆಯೂ ದಾಖಲಿಸಲಾರದು.

ಮಾವ ಒಬ್ಬಂಟಿಯಲ್ಲ. 1988ರಲ್ಲಿ ಆ ಧಾರಾವಾಹಿ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ ಎಂದಾದಾಗ, ಜಲಂಧರ್ ಮೊದಲಾದ ಉತ್ತರದ ಊರುಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ವಾಲ್ಮೀಕಿ ತಮ್ಮವನು; ಸೀತೆ ಅವನ ಆಶ್ರಮಕ್ಕೆ ಬರುವ, ಅವನು ಲವಕುಶರನ್ನು ಬೆಳೆಸುವ ಭಾಗವನ್ನು ಬಿಟ್ಟು ಕತೆ ಮುಗಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಊರುಗಳು ಕಸದಲ್ಲಿ ಕೂತವು. ಆ ವರ್ಷದ ಕೊನೆಯ ಭಾಗದಲ್ಲಿ ಉತ್ತರ ರಾಮಾಯಣ ಪ್ರಸಾರವಾಗತೊಡಗಿತು. ರಾಮಾಯಣದಿಂದ ನಮಗೇನು ಲಾಭ ಎಂದು ಕೇಳುವ ಗೆಳೆಯರಿದ್ದಾರೆ, ಆ ವಾದವನ್ನು ನಾನು ಒಪ್ಪುತ್ತೇನೆ. ಇಲ್ಲಿ ನನ್ನ ಆಸಕ್ತಿ ಬೇರೆ. ರಾಷ್ಟ್ರದ ಸ್ಕ್ರಿಪ್ಟನ್ನು ಆ ವರ್ಷ ತಿದ್ದಿಸಿದವರು ಕಸ ಗುಡಿಸುವವರು.

ಕನ್ನಡದ ಅಧಿಕೃತ ಉದ್ಘೋಷಣೆಗೆ ಇಂಥ ಅರ್ಥಗಾರಿಕೆ ಸಾಧ್ಯವಿರಲಿಲ್ಲ. ಅದು ಆ ಹೆಣ್ಣುಮಕ್ಕಳ ದೋಷವಲ್ಲ. ಎದುರಿಗೆ ಕಾಗದ, ಹಿಂದೆ ಅಧಿಕಾರಿ, ಕೈಯಲ್ಲಿ ಅರ್ಧ ನಿಮಿಷ. ಅಷ್ಟರಲ್ಲೇ ‘ಕ್ಷಮಿಸಿ’ ಎಂಬ ಪದವನ್ನು ಹುಡುಕಿಕೊಟ್ಟರಲ್ಲ, ಆ ಋಣ ನನಗಿದೆ.

6

ಕೊನೆಯದಾಗಿ ಡಬ್ಬಿಂಗ್. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ವಿರೋಧ ಇದೆ. ಅದರ ಹಿಂದೆ ಭಾಷೆಯ ಮಾನವೂ ಇತ್ತು, ದಿನಗೂಲಿಯ ಮೇಲೆ ದುಡಿಯುವ ಕಲಾವಿದರು, ಲೈಟ್‌ಬಾಯ್‌ಗಳ ಅನ್ನವೂ ಇತ್ತು. ಆ ಅನ್ನದ ಪ್ರಶ್ನೆಯನ್ನು ದಲಿತ ವಿಮರ್ಶೆ ಲಘುವಾಗಿ ಕಾಣುವಂತಿಲ್ಲ. ಆದರೆ 2012ರ ಒಂದು ಘಟನೆ ನನ್ನನ್ನು ಬಿಡುವುದಿಲ್ಲ. ಆಮೀರ್ ಖಾನರ ‘ಸತ್ಯಮೇವ ಜಯತೇ’ ಹಿಂದಿಯ ಜೊತೆಗೆ ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿಗಳಲ್ಲಿ ಪ್ರಸಾರವಾಯಿತು. ಡಬ್ಬಿಂಗ್ ವಿರೋಧದಿಂದಾಗಿ ಕನ್ನಡದಲ್ಲಿ ಬರಲಿಲ್ಲ. ಜುಲೈ 8ರ ಕಂತು ಅಸ್ಪೃಶ್ಯತೆಯ ಬಗ್ಗೆ. ಅದರಲ್ಲಿ ಮಲ ಹೊರುವ ಪದ್ಧತಿಯ ಬಗ್ಗೆ ಮಾತಾಡಿದವರು ಬೆಜವಾಡ ವಿಲ್ಸನ್, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದವರು. ಕರ್ನಾಟಕದ ದಲಿತನೊಬ್ಬ ದೇಶದ ಮುಂದೆ ಆಡಿದ ಮಾತು ಅಕ್ಕಪಕ್ಕದ ಎಲ್ಲ ಭಾಷೆಗಳಿಗೂ ಹೋಗಿ, ಕರ್ನಾಟಕದ ಭಾಷೆಗೆ ಮಾತ್ರ ಬರಲಿಲ್ಲ. ಕನ್ನಡದ ಬಾಗಿಲನ್ನು ಯಾರೋ ಕಾಯುತ್ತಿದ್ದರು, ನಿಜ. ಆ ದಿನ ಬಾಗಿಲ ಹೊರಗೆ ಉಳಿದದ್ದು ಯಾರು?

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ವಾಹಿನಿಗಳಿಗೆ ತೋರಿಸಲು ಏನೂ ಇಲ್ಲದಾದಾಗ ಡಬ್ ಆದ ಧಾರಾವಾಹಿಗಳು ಒಳಬಂದವು. ದಿಲ್ಲಿಯ ದೂರದರ್ಶನ ಅದೇ ಹಳೆಯ ರಾಮಾಯಣವನ್ನು ಮಾರ್ಚ್ 28ರಿಂದ ಮತ್ತೆ ಹಾಕಿತು. ಜುಲೈಯಲ್ಲಿ ಜೀ ಕನ್ನಡದಲ್ಲಿ ಬಂದದ್ದು ‘ಮಹಾನಾಯಕ’, ಡಾ. ಬಿ.ಆರ್. ಅಂಬೇಡ್ಕರರ ಬದುಕಿನ ಹಿಂದಿ ಧಾರಾವಾಹಿಯ ಕನ್ನಡ ರೂಪ. ಹಿಂದಿಯ ಹೆಸರು ‘ಏಕ್ ಮಹಾನಾಯಕ್’, ಒಬ್ಬ ಮಹಾನಾಯಕ. ಕನ್ನಡದಲ್ಲಿ ಆ ‘ಒಬ್ಬ’ ಬಿದ್ದುಹೋಯಿತು.

ಮುಂದೆ ಆದದ್ದನ್ನು ನಾವೆಲ್ಲ ನೋಡಿದ್ದೇವೆ. ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜನ ಚಂದಾ ಎತ್ತಿ ಆ ಧಾರಾವಾಹಿಯ ಫ್ಲೆಕ್ಸ್ ಕಟ್ಟಿದರು. ನಿಲ್ಲಿಸಿ ಎಂದು ಮಧ್ಯರಾತ್ರಿ ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು. ಫ್ಲೆಕ್ಸ್‌ಗಳು ಇನ್ನೂ ಹೆಚ್ಚಾದವು. ನಮ್ಮ ಕೇರಿಯಲ್ಲೂ ಹುಡುಗರು ಒಂದನ್ನು ಕಟ್ಟಿದರು. ಓಂ ಬೀಚಿಗೆ ಹೋಗುವ ಬಾಡಿಗೆ ಬೈಕುಗಳು ಅದರ ಮುಂದಿನಿಂದ ಹೋಗುತ್ತಿದ್ದವು. ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಚಿತ್ರ, ವಾಹಿನಿಯ ಹೆಸರು, ಬರುವ ದಿನ, ಬರುವ ಹೊತ್ತು, ‘ಎಲ್ಲರೂ ತಪ್ಪದೆ ನೋಡಿ’ ಎಂಬ ಸಾಲು. ಯೋಚಿಸಿ ನೋಡಿ, ಉದ್ಘೋಷಣೆ ಅಂದರೆ ಇಷ್ಟೇ ಅಲ್ಲವೇ? ಮುಂದೆ ಏನು ಬರುತ್ತದೆ, ಯಾವಾಗ ಬರುತ್ತದೆ, ಯಾರು ನೋಡಬೇಕು. ಆ ಕೆಲಸವನ್ನು ಸ್ಟುಡಿಯೋದಿಂದ ಎತ್ತಿ ತಂದು ನಮ್ಮ ಹುಡುಗರು ರಸ್ತೆ ಬದಿಯಲ್ಲಿ ಕಟ್ಟಿದ್ದರು.

ಇದನ್ನು ಗೆಲುವು ಎಂದು ಹಾಡಲು ನಾನು ತಯಾರಿಲ್ಲ. ಧಾರಾವಾಹಿ ಮಾರುಕಟ್ಟೆಯದು, ವಾಹಿನಿ ಕಂಪನಿಯದು. ಭೀಮರಾಯನ ಬಾಲ್ಯದ ಕಣ್ಣೀರು ಮಾರಾಟವಾಗುವಷ್ಟು ಸುಲಭವಾಗಿ ‘ಜಾತಿ ವಿನಾಶ’ದ ವಾದ ಮಾರಾಟವಾಗುವುದಿಲ್ಲ. ಅಂಬೇಡ್ಕರರು ಸ್ವತಃ 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದ್ದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಎರವಲು ತಂದಿಲ್ಲ, ತನ್ನ ಗುರು ಬುದ್ಧನಿಂದ ಪಡೆದೆ ಎಂದದ್ದು ಅಲ್ಲಿಯೇ. ರಾಷ್ಟ್ರದ ಮೈಕಿನಲ್ಲಿ, ತಮ್ಮ ಸ್ಕ್ರಿಪ್ಟನ್ನು ತಾವೇ ಬರೆದು ಆಡಿದ ಮಾತು ಅದು. ನಮ್ಮ ಹುಡುಗರಿಗೆ ಧಾರಾವಾಹಿಯ ಹಾಡು ಗೊತ್ತು, ಈ ಭಾಷಣ ಗೊತ್ತಿಲ್ಲ. ಅದರ ಅರ್ಥ ಹೇಳುವ ಕೆಲಸ ನಮ್ಮಂಥ ಮೇಷ್ಟರುಗಳದ್ದು, ನಾವು ಮಾಡಿಲ್ಲ.

ಈ ಲೇಖನ ಓದುವ ವಿದ್ಯಾರ್ಥಿಗಳಲ್ಲಿ, ಸಂಘಟನೆಯ ಗೆಳೆಯರಲ್ಲಿ ಒಂದು ಕೋರಿಕೆ ಇದೆ. ನಿಮ್ಮ ನಿಮ್ಮ ಕೇರಿಯಲ್ಲಿ ಟಿವಿ ಮೊದಲು ಬಂದದ್ದು ಯಾರ ಮನೆಗೆ, ನಿಮ್ಮವರು ಎಲ್ಲಿ ನಿಂತು ನೋಡಿದರು, ಅರ್ಥ ಹೇಳಿದವರು ಯಾರು, ಏನು ಹೇಳಿದರು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಪ್ರಸಾರ ಕೇಂದ್ರಗಳ ಕ್ಯೂಶೀಟುಗಳು ರದ್ದಿಗೆ ಹೋಗುವ ಮುಂಚೆ ಯಾರಾದರೂ ಸಂಶೋಧಕರು ಅವನ್ನು ನೋಡಲಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಕನ್ನಡ ಟಿವಿಯ ಚರಿತ್ರೆ ಸಿಗುತ್ತದೆ. ಬೊಂಬಾಯಿ ಮಾವ ಈಗಿಲ್ಲ, ಅಜ್ಜಿಯೂ ಇಲ್ಲ. ಅಂಗಳದಲ್ಲಿ ಅವರು ಹೇಳಿದ್ದರಲ್ಲಿ ನನಗೆ ಸಿಕ್ಕಿರುವುದು ಶಬರಿಯ ಆ ಒಂದು ಮಾತು ಮಾತ್ರ. ಉಳಿದ ಭಾನುವಾರಗಳಲ್ಲಿ ಅವರು ಏನು ಹೇಳಿದರೆಂದು ಕೇಳಿಟ್ಟುಕೊಳ್ಳಬೇಕಾದ ಕಾಲದಲ್ಲಿ ನಾನು ಎಂ.ಎ. ಪರೀಕ್ಷೆಗೆ ಓದುತ್ತಿದ್ದೆ.